ಒಲೆ ಎರಡು, ಬಾವಿ ಒಂದು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಯಾವುದಾದರೊಂದು ಕಾರ್ಖಾನೆಯನ್ನು ಹೊಕ್ಕು ಹತ್ತು ನಿಮಿಷ ನಿಂತು ನೋಡಿದವರಿಗೆ, ಅಲ್ಲಿ ನಡೆಯುವ ಕೆಲಸಗಳು ಎರಡು ಜಾತಿಯವೆಂಬುದು ತಾನಾಗಿ ತಿಳಿಯುವುದು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಗಳು ಮೇಲೇಳುತ್ತವೆ. ಏಳೆಂಟು ಎಳೆಗಳು ತಮ್ಮ ಅಂಟಿನಿಂದಲೇ ಒಂದುಗೂಡಿ, ಒಂದು ನೂಲಾಗಿ ರಾಟೆಗೆ ಸುತ್ತಿಕೊಳ್ಳುತ್ತವೆ. ಒಂದು ಗೂಡಿನ ಎಳೆ ತೀರಿದೊಡನೆ ನೂಲು ಅಷ್ಟರಮಟ್ಟಿಗೆ ತೆಳುವಾಗುವುದರಿಂದ ಇನ್ನೊಂದು ಗೂಡಿನ ಎಳೆಯನ್ನು ಆಗಲೇ ಕೂಡಿಸಬೇಕು. ನೂಲು ನಿಮಿಷಕ್ಕೆ 120 ಮೀಟರು ಓಡುತ್ತಿದೆಯೆಂದು ಇಟ್ಟುಕೊಂಡರೆ ಸೆಕೆಂಡಿಗೆ 2 ಮೀಟರು ಆಯಿತು. ಅರ್ಧ ಸೆಕೆಂಡು ತಡವಾದರೆ ಒಂದು ಮೀಟರು ನೂಲು ಕೆಟ್ಟಿತು. ಇದು ಕಾಯಲಾರದ ಕೆಲಸ. ಅದೇ ಕಾರ್ಖಾನೆಯ ಮೂಲೆಯಲ್ಲಿ ಇನ್ನೊಬ್ಬರು ಕುಳಿತು, ಮಾರುಕಟ್ಟೆಯಿಂದ ಎಷ್ಟು ಕಿಲೋ ಗೂಡು ಬಂತು, ಯಾವ ದರ ಬಿತ್ತು, ಎಷ್ಟು ನೂಲಾಯಿತು ಎಂದು ಬರೆಯುತ್ತಿರುತ್ತಾರೆ. ಆ ಲೆಕ್ಕವನ್ನು ಅರ್ಧ ಗಂಟೆ ತಡೆದು ಬರೆದರೂ ಒಂದು ಗೇಣು ನೂಲೂ ಕೆಡದು.

ಈ ಭೇದವು ರೇಷ್ಮೆಗೆ ಮಾತ್ರ ಸೇರಿದ್ದಲ್ಲ. ಮಾಗಡಿಯ ಕಡೆಯ ತೋಟವೊಂದರಲ್ಲಿ ಕೊಳವೆಬಾವಿಯ ಮೋಟಾರಿಗೆ ಮೂರು ಫೇಸುಗಳಲ್ಲಿ ಒಂದು ತಪ್ಪಿತೆನ್ನಿ. ಸುರುಳಿ ಸುಟ್ಟುಹೋಗುವ ಮುನ್ನ ಸ್ಟಾರ್ಟರು ವಿದ್ಯುತ್ತನ್ನು ಕಡಿದುಹಾಕಬೇಕು. ಮೋಟಾರು ನಿಂತಿತೆಂಬ ಸುದ್ದಿ ರೈತನ ಮೊಬೈಲಿಗೆ ಹತ್ತು ಸೆಕೆಂಡು ತಡವಾಗಿ ಮುಟ್ಟಿದರೆ ಬಾಧಕವಿಲ್ಲ. ಕಾವೇರಿಯ ನೀರನ್ನು ಬೆಂಗಳೂರಿಗೆ ಎತ್ತುವ, ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿರುವಂಥ ಪಂಪುಮನೆಯಲ್ಲಿ ಕವಾಟವನ್ನು ಯಾವ ಗತಿಯಲ್ಲಿ ಮುಚ್ಚಬೇಕೆಂಬುದು ಒಂದು ಜಾತಿಯ ಕೆಲಸ. ಗತಿ ತಪ್ಪಿದರೆ ಕೊಳವೆಯೊಳಗಿನ ನೀರೇ ಸುತ್ತಿಗೆಯಂತೆ ಬಡಿಯುವುದು. ದಿನದ ವರದಿಯನ್ನು ಕಚೇರಿಗೆ ಕಳುಹಿಸುವುದು ಇನ್ನೊಂದು ಜಾತಿ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಯು ತಿರುಗುವ ಮರಕ್ಕೆ ಉಳಿಯನ್ನು ಒತ್ತಿ ಹಿಡಿದಿರುವಾಗಲೇ ಗಿರಾಕಿಯೊಡನೆ ಮಾತನಾಡಬಲ್ಲನು. ಅವನ ಕೈ ಮಾತ್ರ ಮಾತಿಗಾಗಿ ಕಾಯುವುದಿಲ್ಲ.

ಮನುಷ್ಯನಿಗೆ ಅಭ್ಯಾಸದಿಂದ ಬರುವ ಈ ಏರ್ಪಾಡನ್ನು ಯಂತ್ರಕ್ಕೆ ಕೊಡುವುದು ಹೇಗೆ? ಯಂತ್ರಗಳೊಳಗೆ ಅಡಗಿ ಕುಳಿತಿರುವ ಗಣಕಚಿಪ್ಪುಗಳನ್ನು ರಚಿಸುವವರು ಈಗ ಹೆಚ್ಚಾಗಿ ಹಿಡಿದಿರುವ ದಾರಿ ಇದು: ಹಲವು ಕೋರುಗಳುಳ್ಳ ಒಂದೇ ಚಿಪ್ಪಿನ ಮೇಲೆ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಏಕಕಾಲದಲ್ಲಿ ನಡೆಸುವುದು. ಕಾಯಲಾರದ ಕೆಲಸ ಒಂದಕ್ಕೆ, ಕಾಯಬಲ್ಲ ಕೆಲಸ ಇನ್ನೊಂದಕ್ಕೆ. ದಾರಿ ಒಳ್ಳೆಯದೆಂದೇ ನನ್ನ ಎಣಿಕೆ. ಆದರೆ ಇದರ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಒಂದು ಮಾತು, ಅಂದರೆ ಕೋರುಗಳು ಬೇರೆಯಾದ್ದರಿಂದ ಒಂದರ ಗದ್ದಲ ಇನ್ನೊಂದಕ್ಕೆ ತಟ್ಟುವುದಿಲ್ಲವೆಂಬುದು, ಅರ್ಧ ಮಾತ್ರ ನಿಜ. ನಿಜವಲ್ಲದ ಅರ್ಧದಲ್ಲಿಯೇ ಅಪಾಯವಿರುವುದು. ಆ ಅರ್ಧವನ್ನು ನಮ್ಮ ಕಾಲೇಜುಗಳಲ್ಲಿ ನಾವು ಕಲಿಸುತ್ತಿಲ್ಲ.

ಕಾರ್ಯಾಚರಣ ವ್ಯವಸ್ಥೆ, ಜನರ ಬಾಯಲ್ಲಿ ಆಪರೇಟಿಂಗ್ ಸಿಸ್ಟಂ, ಎಂಬುದು ಗಣಕಯಂತ್ರದ ಯಜಮಾನನಿದ್ದಂತೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಪ್ರೊಸೆಸರನ್ನು ಕೊಡಬೇಕು, ಯಾರಿಗೆ ಎಷ್ಟು ಮೆಮೊರಿ, ಕೀಲಿಮಣೆ ಪರದೆಗಳು ಯಾರ ಪಾಲಿಗೆ ಎಂಬುದನ್ನೆಲ್ಲ ಅದೇ ತೀರ್ಮಾನಿಸುವುದು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂಥ ಯಜಮಾನರಲ್ಲಿ ಬಹು ಸಮರ್ಥನಾದವನು. ಪರದೆ, ಜಾಲಸಂಪರ್ಕ, ಕಡತಗಳು, ನೂರಾರು ಬಗೆಯ ಉಪಕರಣಗಳು, ಎಲ್ಲವನ್ನೂ ಬಲ್ಲವನು. ಅವನ ಧರ್ಮ ಹಂಚಿಕೊಟ್ಟು ನಡೆಸುವುದು. ಎಲ್ಲರಿಗೂ ಒಟ್ಟಿನಲ್ಲಿ ಹೆಚ್ಚು ಕೆಲಸವಾಗಬೇಕು, ಒಬ್ಬಿಬ್ಬರು ಸ್ವಲ್ಪ ಕಾದರೂ ಚಿಂತೆಯಿಲ್ಲ. ಇದಕ್ಕೆ ಪ್ರತಿಯಾಗಿ ಸಣ್ಣ ಸಂಸಾರದ ಯಜಮಾನರು ಕೆಲವರುಂಟು. 2003ರಲ್ಲಿ ರಿಚರ್ಡ್ ಬ್ಯಾರಿ ಹೊರತಂದ ಫ್ರೀಆರ್‌ಟಾಸ್ ಅಂಥದು. ಅದಕ್ಕೆ ಪರದೆ ಕಡತಗಳ ಗೊಡವೆ ಹೆಚ್ಚಾಗಿಲ್ಲ. ಆದರೆ ಇಂಥ ಕೆಲಸ ಇಂಥ ಗಡುವಿನೊಳಗೆ ಆಗತಕ್ಕದ್ದು ಎಂದರೆ ಅದನ್ನು ನಡೆಸಿಕೊಡುವುದೇ ಅದರ ಪ್ರಧಾನ ವ್ರತ. ಇಂಥವನ್ನು ನೈಜಕಾಲದ ವ್ಯವಸ್ಥೆಗಳೆಂದು ಕರೆಯುವುದು ವಾಡಿಕೆ.

ವೇಗಕ್ಕೂ ಗಡುವಿಗೂ ಇರುವ ಅಂತರವನ್ನು ಒಂದು ಚಿಕ್ಕ ಲೆಕ್ಕದಿಂದ ನೋಡಬಹುದು. ಒಂದು ಯಂತ್ರವು ಸೆಕೆಂಡಿಗೆ ಸಾವಿರ ಸಲ ಮೋಟಾರಿನ ಸ್ಥಿತಿಯನ್ನು ಕೇಳಿ ಉತ್ತರ ಕೊಡಬೇಕಾಗಿದೆಯೆಂದು ಭಾವಿಸೋಣ. ಒಂದು ಲಕ್ಷ ಉತ್ತರಗಳಲ್ಲಿ 99,999 ಉತ್ತರಗಳು 20 ಮೈಕ್ರೊಸೆಕೆಂಡಿನಲ್ಲಿ ಬಂದುವು. ಒಂದು ಮಾತ್ರ 5 ಮಿಲಿಸೆಕೆಂಡು ತೆಗೆದುಕೊಂಡಿತು. ಸರಾಸರಿ ಎಷ್ಟು? 20.05 ಮೈಕ್ರೊಸೆಕೆಂಡು. ಈ ಸರಾಸರಿಯನ್ನು ನೋಡಿದವರಿಗೆ ದೋಷವೇ ಕಾಣದು. ಆದರೆ ಲಕ್ಷ ಪ್ರಶ್ನೆಗಳು ನೂರು ಸೆಕೆಂಡಿನಲ್ಲಿ ಮುಗಿಯುವುದರಿಂದ, ಆ ಯಂತ್ರವು ನೂರು ಸೆಕೆಂಡಿಗೊಮ್ಮೆ ಐದು ಗಡುವುಗಳನ್ನು ಒಟ್ಟಿಗೆ ತಪ್ಪಿಸುತ್ತಿದೆ. ಸರಾಸರಿಯು ಅಂಗಡಿಯವನಿಗೆ ಒಪ್ಪುವ ಸಂಖ್ಯೆ. ಯಂತ್ರದ ಹಲ್ಲಿಗೆ ಬೆರಳು ಕೊಟ್ಟವನು ಕೇಳಬೇಕಾದುದು ಅತಿ ಹೆಚ್ಚಿನ ತಡ ಎಷ್ಟೆಂಬುದನ್ನು.

ಒಂದೇ ಯಂತ್ರದ ಮೇಲೆ ಹಲವು ಯಜಮಾನರನ್ನು ಕೂರಿಸುವ ಯೋಚನೆ ಹೊಸದೇನೂ ಅಲ್ಲ. ಐ.ಬಿ.ಎಂ. ಸಂಸ್ಥೆಯವರು 1967ರಲ್ಲಿಯೇ ಸಿ.ಪಿ.-40 ಎಂಬ ಏರ್ಪಾಟಿನಿಂದ ಒಂದು ದೊಡ್ಡ ಗಣಕಯಂತ್ರವು ಹಲವು ಯಂತ್ರಗಳಂತೆ ತೋರುವ ಹಾಗೆ ಮಾಡಿದ್ದರು. ಅಲ್ಲಿ ಉದ್ದೇಶವೇ ಬೇರೆ; ದುಬಾರಿ ಯಂತ್ರವನ್ನು ಹಲವರು ಹಂಚಿಕೊಳ್ಳುವುದು. ಗಡುವಿನ ಪ್ರಶ್ನೆಗೆ ಜಾಣ ಉತ್ತರವೊಂದು ಬಂದುದು 1990ರ ದಶಕದಲ್ಲಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ವಿಕ್ಟರ್ ಯೋಡೈಕನ್ ಮತ್ತು ಮೈಕೇಲ್ ಬರಬನೋವ್ ರಚಿಸಿದ ಆರ್‌ಟಿ-ಲಿನಕ್ಸ್‌ನಲ್ಲಿ, ಒಂದು ಪುಟ್ಟ ನೈಜಕಾಲದ ವ್ಯವಸ್ಥೆಯು ಕೆಳಗೆ ಕುಳಿತು, ಇಡೀ ಲಿನಕ್ಸನ್ನೇ ತನ್ನ ಕೆಲಸಗಳಲ್ಲಿ ಎಲ್ಲಕ್ಕಿಂತ ಕಡೆಯದೆಂದು ಎಣಿಸುತ್ತಿತ್ತು. ತುರ್ತಿನ ಕೆಲಸ ಇಲ್ಲದಿದ್ದಾಗ ಮಾತ್ರ ಲಿನಕ್ಸಿಗೆ ಸರದಿ. ದೊಡ್ಡ ಯಜಮಾನನಿಗೆ ತಾನು ಯಜಮಾನನೆಂಬ ಭ್ರಮೆಯೊಂದಿದ್ದರೆ ಸಾಕೆಂಬ ಈ ಉಪಾಯದಲ್ಲಿ ಒಂದು ಬಗೆಯ ವಿನೋದವೂ ಉಂಟು. ಆದರೆ ಪ್ರೊಸೆಸರು ಒಂದೇ ಆದ್ದರಿಂದ, ನಿಜವಾಗಿ ನೋಡಿದರೆ ಯಾವ ಕ್ಷಣದಲ್ಲಿಯೂ ಇಬ್ಬರಲ್ಲಿ ಒಬ್ಬರು ಮಾತ್ರ ನಡೆಯುತ್ತಿದ್ದರು.

ಒಂದು ಚಿಪ್ಪಿನ ಮೇಲೆ ಎರಡು ಮೂರು ಪ್ರೊಸೆಸರುಗಳನ್ನು, ಅಂದರೆ ಕೋರುಗಳನ್ನು, ಕೊರೆಯುವುದು ಸುಲಭವಾದ ಮೇಲೆ ಸಂಗತಿ ಬದಲಾಯಿತು. ಈ ಕೋರುಗಳು ಒಂದೇ ಅಚ್ಚಿನವಾಗಿರಬೇಕೆಂಬ ನಿಯಮವಿಲ್ಲ. 2019ರಲ್ಲಿ ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಸಂಸ್ಥೆ ಹೊರತಂದ ಎಸ್‌ಟಿಎಂ32ಎಂಪಿ157 ಚಿಪ್ಪನ್ನು ನೋಡಿ: ಲಿನಕ್ಸ್ ನಡೆಸಲು 650 ಮೆಗಾಹರ್ಟ್ಸಿನ ಎರಡು ಕಾರ್ಟೆಕ್ಸ್-ಎ7 ಕೋರುಗಳು, ಗಡುವಿನ ಕೆಲಸಕ್ಕೆ 209 ಮೆಗಾಹರ್ಟ್ಸಿನ ಒಂದು ಕಾರ್ಟೆಕ್ಸ್-ಎಂ4 ಕೋರು. ವೇಗದಲ್ಲಿ ಮೂರನೆಯದು ಕಿರಿಯದು. ಆದರೆ ಹೊರಗಿನಿಂದ ತುರ್ತು ಕರೆ ಬಂದರೆ, ಮೆಮೊರಿ ತಡಮಾಡದಿರುವ ಪಕ್ಷದಲ್ಲಿ, 12 ಗಡಿಯಾರ ಬಡಿತಗಳೊಳಗೆ, ಅಂದರೆ ಒಂದು ಸೆಕೆಂಡಿನ ಕೋಟಿಯ ಒಂದು ಭಾಗಕ್ಕಿಂತ ಕಡಮೆ ಕಾಲದಲ್ಲಿ, ಅದು ಓಗೊಡಬಲ್ಲುದು. ಈ ಬಗೆಯ ಚಿಪ್ಪುಗಳ ಇತಿಹಾಸದಲ್ಲಿ ನಮ್ಮ ನೆರೆಯ ಬೆಂಗಳೂರಿಗೂ ಸಂಬಂಧವುಂಟು. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೇರೆಬೇರೆ ಅಚ್ಚಿನ ಕೋರುಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿದ ಹಳಬರಲ್ಲಿ ಒಂದು. ಅದರ ಚಿಪ್ಪನ್ನು ಹೊತ್ತ, 2013ರಲ್ಲಿ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಂಗೈಯಗಲದ ಹಲಗೆಯಲ್ಲಿ ಲಿನಕ್ಸ್ ನಡೆಸುವ ಒಂದು ಕೋರಿನ ಪಕ್ಕದಲ್ಲಿ 200 ಮೆಗಾಹರ್ಟ್ಸಿನ ಎರಡು ಪುಟ್ಟ ಕೋರುಗಳಿವೆ. ಅವುಗಳಲ್ಲಿ ಒಂದೊಂದು ಆಜ್ಞೆಗೆ 5 ನ್ಯಾನೊಸೆಕೆಂಡು.

ಇಬ್ಬರು ಯಜಮಾನರು ಒಂದೇ ಚಿಪ್ಪಿನಲ್ಲಿ ಸಂಸಾರ ಹೂಡುವುದು ಹೇಗೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೊದಲು ಮೆಮೊರಿಯಲ್ಲಿ ಗೆರೆ ಎಳೆಯತಕ್ಕದ್ದು: ಈ ಅಂಕೆಯಿಂದ ಈ ಅಂಕೆಯವರೆಗಿನ ಕೋಣೆಗಳು ನಿನ್ನವು, ಆಚೆಯವು ಅವನವು. ಲಿನಕ್ಸ್ ಎಚ್ಚರಗೊಳ್ಳುವಾಗಲೇ, ತನಗೆ ಸೇರದ ಭಾಗವನ್ನು ಮುಟ್ಟಬಾರದೆಂದು ಅದಕ್ಕೆ ಒಂದು ಪಟ್ಟಿಯ ಮೂಲಕ ತಿಳಿಸಿರುತ್ತಾರೆ. ಆಮೇಲೆ ಉಪಕರಣಗಳ ಪಾಲು. ಮೋಟಾರಿನ ತಂತಿ ಕಿರಿಯನಿಗೆ, ಪರದೆಯೂ ಜಾಲಸಂಪರ್ಕವೂ ಹಿರಿಯನಿಗೆ. ಒಂದೇ ಉಪಕರಣವನ್ನು ಇಬ್ಬರೂ ತಿರುವಿದರೆ ಆಗುವ ಅನರ್ಥವನ್ನು ಹೇಳಬೇಕಾದುದಿಲ್ಲ. ಇಷ್ಟಾದ ಮೇಲೆ ಇಬ್ಬರಿಗೂ ಮಾತುಕತೆ ಬೇಕಷ್ಟೆ. ಅದಕ್ಕಾಗಿ ಇಬ್ಬರೂ ಮುಟ್ಟಬಹುದಾದ ಒಂದು ಸಣ್ಣ ಮೆಮೊರಿಯ ತುಣುಕನ್ನು ಜಗಲಿಯಂತೆ ನಡುವೆ ಬಿಡುವರು. ಒಬ್ಬನು ಅಲ್ಲಿ ಚೀಟಿಯಿಟ್ಟು ಗಂಟೆ ಬಾರಿಸಿದರೆ, ಅಂದರೆ ಒಂದು ಇಂಟರಪ್ಟ್ ಕಳುಹಿಸಿದರೆ, ಇನ್ನೊಬ್ಬನು ಬಂದು ಚೀಟಿಯನ್ನು ಓದಿಕೊಂಡು ಆ ಸ್ಥಳವನ್ನು ತೆರವು ಮಾಡುವನು. ಕಿರಿಯ ಕೋರನ್ನು ಎಬ್ಬಿಸುವ ಮತ್ತು ಅದರೊಡನೆ ಚೀಟಿ ನಡೆಸುವ ರಿಮೋಟ್‌ಪ್ರಾಕ್, ಆರ್‌ಪಿಮೆಸೇಜ್ ಎಂಬ ಎರಡು ಏರ್ಪಾಡುಗಳು 2012ರಲ್ಲಿ ಲಿನಕ್ಸಿನ ಮೂಲಕ್ಕೇ ಸೇರಿದುವು. ಅಲ್ಲಿಂದೀಚೆಗೆ ಈ ಕೆಲಸವು ಕೆಲವೇ ಕಾರ್ಖಾನೆಗಳ ಗುಟ್ಟಾಗಿ ಉಳಿಯದೆ, ಆಸಕ್ತಿಯುಳ್ಳ ವಿದ್ಯಾರ್ಥಿಗೂ ಎಟುಕುವಂತಾಯಿತು.

ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ. ಈಗ ನಮ್ಮ ಹಳ್ಳಿಗಳ ಒಂದು ಚಿತ್ರವನ್ನು ನೆನೆಯೋಣ. ಅಣ್ಣತಮ್ಮಂದಿರು ಪಾಲಾಗುತ್ತಾರೆ. ನಡುವೆ ಗೋಡೆ ಏಳುತ್ತದೆ, ಒಲೆ ಎರಡಾಗುತ್ತದೆ, ಬಾಗಿಲೂ ಎರಡಾಗುತ್ತದೆ. ಹಿತ್ತಲಿನ ಬಾವಿಯನ್ನು ಮಾತ್ರ ಎರಡು ಮಾಡಲು ಬರುವುದಿಲ್ಲ. ಅದಕ್ಕೆ ರಾಟೆ ಒಂದು, ಹಗ್ಗ ಒಂದು. ಸಾಮಾನ್ಯ ದಿನಗಳಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಅಣ್ಣನ ಮನೆಯಲ್ಲಿ ಮದುವೆ ಬಂದಿತೆನ್ನಿ. ನೂರು ಕೊಡ ನೀರು ಸೇದುತ್ತಿರುವಾಗ ತಮ್ಮನ ಒಲೆಯ ಮೇಲಿನ ಅನ್ನಕ್ಕೆ ಒಂದು ಚೆಂಬು ನೀರು ಬೇಕಾದರೂ ಸರದಿಯಲ್ಲಿ ನಿಲ್ಲಬೇಕು. ಗೋಡೆಯಲ್ಲಿ ಬಿರುಕಿಲ್ಲ, ಅಣ್ಣನು ತಮ್ಮನ ಮನೆಗೆ ಕಾಲಿಟ್ಟಿಲ್ಲ, ಜಗಳವೂ ಇಲ್ಲ. ಆದರೂ ಅನ್ನ ಸೀದುಹೋಗುವುದು.

ಚಿಪ್ಪಿನಲ್ಲಿಯೂ ಹೀಗೆಯೇ. ಕೋರುಗಳು ಬೇರೆ, ಆದರೆ ಹೊರಗಿನ ದೊಡ್ಡ ಮೆಮೊರಿಗೆ ಹೋಗುವ ಹಾದಿ ಅನೇಕ ಚಿಪ್ಪುಗಳಲ್ಲಿ ಒಂದೇ. ಹತ್ತಿರದಲ್ಲಿಯೇ ಬೇಕಾದುದನ್ನು ಕೂಡಿಟ್ಟುಕೊಳ್ಳುವ ಕ್ಯಾಶ್ ಎಂಬ ಕಣಜವೂ ಎಷ್ಟೋ ವೇಳೆ ಒಂದೇ. ಹಿರಿಯನು ದೊಡ್ಡದೊಂದು ಚಿತ್ರವನ್ನು ತಂದು ತುಂಬಿದರೆ ಕಿರಿಯನ ಸಾಮಾನು ಹೊರಗೆ ಬೀಳುವುದು. ಆಗ ಕೆಲವೇ ನ್ಯಾನೊಸೆಕೆಂಡಿನಲ್ಲಿ ಸಿಗಬೇಕಾಗಿದ್ದ ಅಂಕೆಯೊಂದಕ್ಕಾಗಿ ಹೊರಗಿನ ಮೆಮೊರಿಯವರೆಗೆ ಹೋಗಿಬರಲು ನೂರು ನ್ಯಾನೊಸೆಕೆಂಡಿನಷ್ಟು ಹಿಡಿಯಬಹುದು. ಅಲ್ಲಿಯೂ ಸಾಲು ಇದ್ದರೆ ಇನ್ನೂ ಹೆಚ್ಚು. ಗಡಿಯಾರದ ಮೂಲವೂ ಒಂದೇ, ವಿದ್ಯುತ್ ಸರಬರಾಜೂ ಒಂದೇ, ಚಿಪ್ಪು ಬಿಸಿಯಾದರೆ ವೇಗ ತಗ್ಗಿಸುವ ಕೈಯೂ ಒಂದೇ ಆಗಿರಬಹುದು. ತಪ್ಪಾಗಿ ಬರೆದ ಕ್ರಮವಿಧಿಯನ್ನು ಗೋಡೆ ತಡೆಯಬಲ್ಲುದು. ಸರಿಯಾಗಿಯೇ ಬರೆದು ಹೆಚ್ಚು ನೀರು ಸೇದುವವನನ್ನು ಗೋಡೆ ತಡೆಯಲಾರದು.

ನಮ್ಮ ಭೌತವಿಜ್ಞಾನದ ತರಗತಿಗಳಲ್ಲಿ ಬಹುಕಾಲ ಕಲಿಸಿದ 8085 ಮೈಕ್ರೊಪ್ರೊಸೆಸರಿನ ಮೇಲೆ ನನಗೆ ಇಂದಿಗೂ ಗೌರವವಿರುವುದು ಈ ಕಾರಣದಿಂದಲೇ. 1976ರ ಆ ಚಿಪ್ಪಿನಲ್ಲಿ ಯಾವ ಆಜ್ಞೆಗೆ ಎಷ್ಟು ಬಡಿತಗಳೆಂಬುದು ಪುಸ್ತಕದಲ್ಲಿ ಅಚ್ಚಾಗಿತ್ತು. ಒಂದು ರಿಜಿಸ್ಟರಿನಿಂದ ಒಂದನ್ನು ಕಳೆಯಲು 4 ಬಡಿತ, ಸೊನ್ನೆಯಾಗದಿದ್ದರೆ ಹಿಂದಕ್ಕೆ ನೆಗೆಯಲು 10 ಬಡಿತ. 3 ಮೆಗಾಹರ್ಟ್ಸಿನ ಗಡಿಯಾರವಿದ್ದರೆ ಒಂದು ಸುತ್ತಿಗೆ 4.67 ಮೈಕ್ರೊಸೆಕೆಂಡು. ವಿದ್ಯಾರ್ಥಿಯು ಕಾಗದದ ಮೇಲೆ ಲೆಕ್ಕ ಹಾಕಿ, ಆಸಿಲೋಸ್ಕೋಪಿನಲ್ಲಿ ಅಳೆದು, ಎರಡೂ ಒಂದೇ ಆಗಿರುವುದನ್ನು ಕಣ್ಣಾರೆ ಕಾಣುತ್ತಿದ್ದನು. ಇಂದಿನ ಗಿಗಾಹರ್ಟ್ಸಿನ ಕೋರಿನಲ್ಲಿ ಹೀಗೆ ಎಣಿಸಲು ಸಾಧ್ಯವಿಲ್ಲ. ಒಂದೇ ಆಜ್ಞೆ ಒಮ್ಮೆ ಒಂದು ಬಡಿತದಲ್ಲಿ ಮುಗಿದರೆ ಇನ್ನೊಮ್ಮೆ ನೂರು ಬಡಿತ ಕಾಯುವುದುಂಟು. ವೇಗವನ್ನು ಪಡೆಯುವ ಸಲುವಾಗಿ ನಾವು ಎಣಿಸುವ ಸೌಕರ್ಯವನ್ನು ತೆತ್ತಿದ್ದೇವೆ. ಬೀಗಲ್‌ಬೋನಿನ ಆ ಎರಡು ಪುಟ್ಟ ಕೋರುಗಳು ತಮ್ಮದೇ ಮೆಮೊರಿಯಲ್ಲಿ ಕೆಲಸ ಮಾಡುವಷ್ಟು ಹೊತ್ತು ಆ ಸೌಕರ್ಯ ಮರಳಿ ಬರುವುದು. ಅವು ಹೊರಗಿನ ಮೆಮೊರಿಗೆ ಕೈಚಾಚಿದೊಡನೆ ಮತ್ತೆ ಹೋಗುವುದು.

ಹಂಚಿಕೊಂಡ ಒಂದೇ ವಸ್ತುವಿನಿಂದ ಎಂಥ ತೊಡಕು ಬರಬಹುದೆಂಬುದಕ್ಕೆ ಮಂಗಳಗ್ರಹದಲ್ಲಿ ನಡೆದ ಪ್ರಸಂಗವೊಂದು ಪ್ರಸಿದ್ಧವಾಗಿದೆ. 1997ರ ಜುಲೈ 4ರಂದು ಅಲ್ಲಿ ಇಳಿದ ಪಾತ್‌ಫೈಂಡರ್ ನೌಕೆಯ ಗಣಕವು ಕೆಲವು ದಿನಗಳಲ್ಲಿಯೇ ಮೇಲಿಂದ ಮೇಲೆ ತಾನಾಗಿ ಮೊದಲಿನಿಂದ ಆರಂಭಿಸತೊಡಗಿತು. ಅದರಲ್ಲಿದ್ದುದು ಒಂದೇ ಪ್ರೊಸೆಸರು, ವಿಎಕ್ಸ್‌ವರ್ಕ್ಸ್ ಎಂಬ ಒಂದೇ ನೈಜಕಾಲದ ವ್ಯವಸ್ಥೆ. ಹವೆಯ ಅಳತೆಗಳನ್ನು ಕೂಡಿಸುವ ಕಡಮೆ ದರ್ಜೆಯ ಕೆಲಸವೊಂದು, ಎಲ್ಲರಿಗೂ ಬೇಕಾದ ಒಂದು ಕೀಲಿಯನ್ನು ಹಿಡಿದಿರುವಾಗ, ಮಧ್ಯಮ ದರ್ಜೆಯ ಇನ್ನೊಂದು ಕೆಲಸ ಅದನ್ನು ಪಕ್ಕಕ್ಕೆ ತಳ್ಳಿ ತಾನು ನಡೆಯಿತು. ಆ ಕೀಲಿಗಾಗಿ ಕಾದಿದ್ದುದು ಅತ್ಯಂತ ತುರ್ತಿನ ಕೆಲಸ. ತುರ್ತಿನ ಕೆಲಸ ಗಡುವು ತಪ್ಪಿಸಿದ್ದನ್ನು ಕಂಡ ಕಾವಲುಗಾರ ಗಡಿಯಾರ ಎಲ್ಲವನ್ನೂ ನಿಲ್ಲಿಸಿ ಮೊದಲಿಟ್ಟಿತು. ಎಂಜಿನಿಯರುಗಳು ಭೂಮಿಯಲ್ಲಿ ಅದೇ ಸ್ಥಿತಿಯನ್ನು ಮರುಕಳಿಸಿ ಕಾರಣ ಹುಡುಕಿ, ಕೀಲಿ ಹಿಡಿದವನಿಗೆ ಆ ಹೊತ್ತಿಗೆ ಕಾಯುವವನ ದರ್ಜೆಯನ್ನೇ ಕೊಡುವ ತಿದ್ದುಪಡಿಯನ್ನು ಇಲ್ಲಿಂದಲೇ ಕಳುಹಿಸಿದರು. ಅಲ್ಲಿ ಯಜಮಾನನೊಬ್ಬನೇ ಇದ್ದುದರಿಂದ ತಗಾದೆಯನ್ನು ತೀರಿಸಲು ಒಂದು ನಿಯಮ ಸಾಕಾಯಿತು. ಯಜಮಾನರು ಇಬ್ಬರಾದರೆ, ಬಾವಿಯ ಬಳಿ ಯಾರ ದರ್ಜೆ ಹೆಚ್ಚೆಂದು ಹೇಳುವವರು ಯಾರು? ಚಿಪ್ಪಿನ ರಚನೆಕಾರನು ಮೊದಲೇ ಹೇಳಿಡದಿದ್ದರೆ ಯಾರೂ ಇಲ್ಲ.

ವಿಮಾನಗಳ ವಿಷಯದಲ್ಲಿ ಅಧಿಕಾರಿಗಳು ಇದನ್ನು ಗಂಭೀರವಾಗಿ ಎಣಿಸಿದ್ದಾರೆ. ಪ್ರಮಾಣಪತ್ರ ಕೊಡುವ ದೇಶಗಳ ತಜ್ಞರು 2016ರಲ್ಲಿ ಹೊರಡಿಸಿದ ಕಾಸ್ಟ್-32ಎ ಎಂಬ ಪತ್ರದಲ್ಲಿಯೂ, ಅದರ ಮುಂದುವರಿಕೆಯಾಗಿ ಯೂರೋಪಿನಲ್ಲಿ 2022ರಲ್ಲಿ ಬಂದ ಮಾರ್ಗಸೂಚಿಯಲ್ಲಿಯೂ ಕೇಳಿರುವ ಮುಖ್ಯ ಪ್ರಶ್ನೆ ಇದೇ: ಒಂದು ಕೋರಿನ ಕೆಲಸವು ಇನ್ನೊಂದರ ಕಾಲವನ್ನು ಯಾವ ಯಾವ ಹಾದಿಯಿಂದ ಕೆಡಿಸಬಹುದು, ಆ ಹಾದಿಗಳನ್ನು ಪತ್ತೆಹಚ್ಚಿದ್ದೀರಾ, ಅಳೆದಿದ್ದೀರಾ? ನೆಲದ ಮೇಲಿನ ಯಂತ್ರಗಳನ್ನು ಕೊಳ್ಳುವ ನಾವು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಎಷ್ಟು ಕೋರು, ಎಷ್ಟು ಗಿಗಾಹರ್ಟ್ಸು ಎಂದು ಕೇಳಿ ಸುಮ್ಮನಾಗುತ್ತೇವೆ.

ಕಾರುಗಳನ್ನೇ ತೆಗೆದುಕೊಳ್ಳಿ. ರಾಮನಗರಕ್ಕೆ ಕೂಗಳತೆಯಲ್ಲಿರುವ ಬಿಡದಿಯಲ್ಲಿ 1999ರಿಂದ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕಾರುಗಳು ಹೊರಬರುತ್ತಿವೆಯಾದ್ದರಿಂದ, ನಮ್ಮ ಭಾಗದ ಹುಡುಗರಿಗೆ ಕಾರೆಂದರೆ ಉದ್ಯೋಗದ ಮಾತೂ ಹೌದು. ಇಂದಿನ ಹಲವು ಕಂಪೆನಿಗಳ ಕಾರುಗಳಲ್ಲಿ ವೇಗ ತೋರಿಸುವ ಪರದೆಯನ್ನೂ, ಹಾಡು ನಕ್ಷೆಗಳ ಪರದೆಯನ್ನೂ ಒಂದೇ ಚಿಪ್ಪು ನಡೆಸುವುದು; ಒಂದಕ್ಕೆ ಕಟ್ಟುನಿಟ್ಟಾದ ವ್ಯವಸ್ಥೆ, ಇನ್ನೊಂದಕ್ಕೆ ಆಂಡ್ರಾಯ್ಡ್‌ನಂಥದು. ಬ್ರೇಕಿನ ನಿಯಂತ್ರಣ ಸಾಮಾನ್ಯವಾಗಿ ಈಗಲೂ ಬೇರೆ ಪೆಟ್ಟಿಗೆಯಲ್ಲಿಯೇ ಇರುವುದು. ಆದರೆ ಪೆಟ್ಟಿಗೆಗಳನ್ನು ಕಡಮೆ ಮಾಡುತ್ತ ಹೋಗಬೇಕೆಂಬುದೇ ಉದ್ಯಮದ ಒಲವು. ತಂತಿ, ತೂಕ, ವೆಚ್ಚ ಮೂರೂ ಇಳಿಯುವುವಲ್ಲ! 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣದ ಮಗ್ಗುಲಿನಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಹೋಗುವ ಕಾರು ಸೆಕೆಂಡಿಗೆ ಸುಮಾರು 28 ಮೀಟರು ಸಾಗುವುದು. ನಕ್ಷೆಯ ಚಿತ್ರವನ್ನು ತರುವ ಗದ್ದಲದಲ್ಲಿ ಎಚ್ಚರಿಕೆಯ ದೀಪ 50 ಮಿಲಿಸೆಕೆಂಡು ತಡವಾದರೆ ಕಾರು 1.4 ಮೀಟರು ಮುಂದೆ ಹೋಗಿರುವುದು. ದೀಪಕ್ಕಾದರೆ ಇದು ದೊಡ್ಡದಲ್ಲವೆನ್ನಬಹುದು. ಇದೇ ವಾದವನ್ನು ಹಿಡಿದು ಒಂದೊಂದೇ ಕೆಲಸವನ್ನು ಆ ಚಿಪ್ಪಿಗೆ ಸೇರಿಸುತ್ತ ಹೋದರೆ, ಯಾವ ಕೆಲಸದಲ್ಲಿ ನಿಲ್ಲುವುದು?

ಹಾಗಾದರೆ ಎರಡು ಚಿಪ್ಪುಗಳನ್ನೇ ಹಾಕಿಬಿಡಬಾರದೇಕೆ ಎಂದು ಕೇಳುವವರುಂಟು. ಅದೂ ನಿರಪಾಯವಾದ ಉತ್ತರವಲ್ಲ. ಎರಡು ಚಿಪ್ಪುಗಳ ನಡುವೆ ತಂತಿ ಬೇಕು, ಬೆಸುಗೆ ಬೇಕು. ರೀಲಿಂಗ್ ಕಾರ್ಖಾನೆಯ ಉಗಿಯಲ್ಲಿಯೂ ತೋಟದ ದೂಳಿನಲ್ಲಿಯೂ ಮೊದಲು ಕೆಡುವುದು ಬೆಸುಗೆಯೇ. ಮಾತುಕತೆಯೂ ನಿಧಾನ. ಸಣ್ಣ ಬಂಡವಾಳದ ರೀಲರಿಗೆ ಬೆಲೆಯ ವ್ಯತ್ಯಾಸವೂ ಸಣ್ಣದಲ್ಲ. ಆದುದರಿಂದ ಒಂದೇ ಚಿಪ್ಪು ಬೇಡವೆಂದು ನಾನು ಹೇಳಲಾರೆ. ಪ್ರಾಣಕ್ಕೂ ಬೆರಳಿಗೂ ಸಂಬಂಧಪಟ್ಟ ಕೆಲಸವನ್ನು ಎಲ್ಲಕ್ಕಿಂತ ವೇಗದ ಕೋರಿಗೆ ಒಪ್ಪಿಸುವ ಬದಲು, ಎಲ್ಲಕ್ಕಿಂತ ಕಡಮೆ ಹಂಚಿಕೊಂಡಿರುವ ಕೋರಿಗೆ ಒಪ್ಪಿಸಬೇಕೆಂಬುದು ನನ್ನ ವಾದ. ಅದಕ್ಕೆ ತನ್ನದೇ ಚಿಕ್ಕ ಮೆಮೊರಿ ಇರಬೇಕು. ಅದರ ಕ್ರಮವಿಧಿ ಅಷ್ಟರಲ್ಲಿಯೇ ಹಿಡಿಸಬೇಕು. ಹಿತ್ತಲಿನ ಬಾವಿ ಎಷ್ಟೇ ಗದ್ದಲದಲ್ಲಿರಲಿ, ಅಡುಗೆಮನೆಯಲ್ಲಿ ಒಂದು ಹಂಡೆ ನೀರು ಮೊದಲೇ ತುಂಬಿರಬೇಕು.

ಇನ್ನೊಂದು ವಿಷಯಕ್ಕೆ ಇಷ್ಟು ಗಮನ ಸಲ್ಲುತ್ತಿಲ್ಲವೆಂದು ತೋರುತ್ತದೆ. ಬೆಳಿಗ್ಗೆ ಮೊದಲು ಏಳುವವರು ಯಾರು? ಅನೇಕ ಹಲಗೆಗಳಲ್ಲಿ ಲಿನಕ್ಸ್ ಮೊದಲು ಎದ್ದು, ಆಮೇಲೆ ಕಿರಿಯ ಕೋರಿಗೆ ಅದರ ಕ್ರಮವಿಧಿಯನ್ನು ತುಂಬಿ ಎಬ್ಬಿಸುವುದು ರೂಢಿ. ಪ್ರಯೋಗಶಾಲೆಯಲ್ಲಿ ಇದು ಅನುಕೂಲ. ಆದರೆ ಹೀಗಿರುವಾಗ ಮೋಟಾರನ್ನು ನಿಲ್ಲಿಸಬೇಕಾದವನು ತಾನು ಎದ್ದೇಳಲು ಲಿನಕ್ಸಿನ ಕೃಪೆಯನ್ನು ಕಾಯಬೇಕಾಗುವುದು. ಲಿನಕ್ಸ್ ಏಳಲು ಹಲವು ಸೆಕೆಂಡುಗಳು ಬೇಕು. ಲಿನಕ್ಸ್ ಕುಸಿದು ಇಡೀ ಚಿಪ್ಪನ್ನು ಮೊದಲಿನಿಂದ ಆರಂಭಿಸಿದರೆ ಕಿರಿಯನೂ ಅದರೊಡನೆ ಬೀಳುವನು. ಕಟ್ಟುನಿಟ್ಟಿನವನೇ ಮೊದಲು ಎದ್ದು, ಎಲ್ಲವನ್ನೂ ಸುರಕ್ಷಿತ ಸ್ಥಿತಿಯಲ್ಲಿಟ್ಟು, ಅನಂತರ ಹಿರಿಯನನ್ನು ಎಬ್ಬಿಸಬೇಕು. ಹಿರಿಯನು ಬಿದ್ದರೂ ತಾನು ನಿಂತಿರಬೇಕು. ಇದು ಕೇವಲ ಆಸೆಯಲ್ಲ. ವಾಹನಗಳಿಗೆಂದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಾಡಿರುವ ಟಿಡಿಎ4 ಎಂಬ ಚಿಪ್ಪಿನಲ್ಲಿ, ಸುರಕ್ಷತೆಯ ಕೋರುಗಳಿಗೆ ಪ್ರತ್ಯೇಕ ಗಡಿಯಾರವನ್ನೂ ಪ್ರತ್ಯೇಕ ವಿದ್ಯುತ್ತನ್ನೂ ಕೊಟ್ಟು ದ್ವೀಪದಂತೆ ಬೇರ್ಪಡಿಸಿದ್ದಾರೆ. ಅಲ್ಲಿ ಎರಡು ಕೋರುಗಳು ಒಂದೇ ಲೆಕ್ಕವನ್ನು ಜೊತೆಯಾಗಿ ಮಾಡಿ ಉತ್ತರಗಳನ್ನು ತಾಳೆನೋಡುವ ಏರ್ಪಾಡೂ ಇದೆ. ಬಾವಿಯನ್ನೇ ಬೇರೆ ತೋಡಿದಂತಾಯಿತು.

ಒಂದೇ ಅಚ್ಚಿನ ಕೋರುಗಳನ್ನು ಪಾಲು ಮಾಡುವ ಇನ್ನೊಂದು ಪಂಥವುಂಟು. ಹೈಪರ್‌ವೈಸರ್ ಎಂಬ ನ್ಯಾಯಸ್ಥನೊಬ್ಬನು ಯಜಮಾನರಿಬ್ಬರ ಕೆಳಗೆ ಕುಳಿತು ಗಡಿ ಕಾಯುವನು. ಸೀಮೆನ್ಸ್ ಸಂಸ್ಥೆಯವರು 2013ರಲ್ಲಿ ಹೊರತಂದ ಇಂಥ ಒಂದು ಕ್ರಮವಿಧಿಗೆ ಜೈಲ್‌ಹೌಸ್ ಎಂದೇ ಹೆಸರು. ಸರದಿಯ ಗೊಡವೆಯಿಲ್ಲದೆ ಈ ಕೋರು ಇವನದು, ಆ ಕೋರು ಅವನದು ಎಂದು ಬೀಗ ಹಾಕಿಬಿಡುವುದು ಅದರ ರೀತಿ. ಇತ್ತ ಲಿನಕ್ಸೂ ಸುಮ್ಮನೆ ಕುಳಿತಿಲ್ಲ. ಅದನ್ನೇ ನೈಜಕಾಲಕ್ಕೆ ಒಗ್ಗಿಸುವ ಹಲವು ವರ್ಷಗಳ ಯತ್ನವು 2024ರಲ್ಲಿ ಅದರ 6.12ನೆಯ ಆವೃತ್ತಿಯೊಡನೆ ಮೂಲಕ್ಕೆ ಸೇರಿತು. ಹಲವು ಕೆಲಸಗಳಿಗೆ ಇನ್ನು ಎರಡನೆಯ ಯಜಮಾನನೇ ಬೇಕಾಗಲಿಕ್ಕಿಲ್ಲ. ಆದರೂ ಬಾವಿಯ ಪ್ರಶ್ನೆಗೆ ಇವೆರಡೂ ಪೂರ್ತಿ ಉತ್ತರವಲ್ಲ.

ನಮ್ಮ ಕಾಲೇಜುಗಳಲ್ಲಿ ಇದನ್ನು ಕಲಿಸಲು ಹಣವಿಲ್ಲವೆಂಬ ಮಾತನ್ನು ಒಪ್ಪಲು ನಾನು ಸಿದ್ಧನಿಲ್ಲ. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಹಲಗೆಯ ಬೆಲೆ ಆಗ 4 ಡಾಲರು. ಅದರಲ್ಲಿ ಎರಡು ಕೋರುಗಳಿವೆ, 264 ಕಿಲೋಬೈಟ್ ಮೆಮೊರಿ ಆರು ಬೇರೆ ಬೇರೆ ಅರೆಗಳಲ್ಲಿದೆ, ಕ್ರಮವಿಧಿಯನ್ನು ಹೊರಗಿನ ಫ್ಲ್ಯಾಶ್ ಮೆಮೊರಿಯಿಂದ ಓದುವಾಗ ಎರಡೂ ಕೋರುಗಳಿಗೆ 16 ಕಿಲೋಬೈಟಿನ ಒಂದೇ ಕ್ಯಾಶ್ ಇದೆ. ಅದರಲ್ಲಿ ಲಿನಕ್ಸ್ ನಡೆಯದು. ಆದರೆ ಒಲೆ ಎರಡು, ಬಾವಿ ಒಂದು ಎಂಬ ಪಾಠಕ್ಕೆ ಅಷ್ಟೇ ಸಾಕು. ಒಂದು ಕೋರಿಗೆ, ಒಂದು ಪಿನ್ನನ್ನು ಸಮಗತಿಯಲ್ಲಿ ಏರಿಸಿ ಇಳಿಸುವ ಕೆಲಸ ಕೊಡಿ. ಪಿನ್ನಿಗೆ ಆಸಿಲೋಸ್ಕೋಪನ್ನು ಜೋಡಿಸಿ, ಹಳೆಯ ಗೆರೆಗಳು ಅಳಿಯದೆ ಉಳಿಯುವಂತೆ ಅದನ್ನು ಹೊಂದಿಸಿ. ಇನ್ನೊಂದು ಕೋರು ಸುಮ್ಮನಿರುವಾಗ ಅಂಚು ಸೂಜಿಯಂತೆ ತೆಳ್ಳಗೆ ಕಾಣುವುದು. ಈಗ ಇನ್ನೊಂದು ಕೋರು ಅದೇ ಮೆಮೊರಿಯ ಅರೆಯಿಂದ ಬಿಡುವಿಲ್ಲದೆ ಓದುವಂತೆ ಮಾಡಿ. 125 ಮೆಗಾಹರ್ಟ್ಸಿನಲ್ಲಿ ನಡೆಸುತ್ತಿದ್ದರೆ ಒಂದು ಬಡಿತದ ಕಾಯುವಿಕೆಗೆ 8 ನ್ಯಾನೊಸೆಕೆಂಡಿನಂತೆ ಅಂಚು ಕದಲುವುದು. ಆಮೇಲೆ ಎರಡೂ ಕೋರುಗಳ ಕ್ರಮವಿಧಿಯನ್ನು ಫ್ಲ್ಯಾಶಿನಿಂದಲೇ ಓದಿಸಿ, ಎರಡನೆಯದಕ್ಕೆ 16 ಕಿಲೋಬೈಟಿಗೆ ಹಿಡಿಸದಷ್ಟು ದೊಡ್ಡ ಕ್ರಮವಿಧಿ ಕೊಡಿ. ಸೂಜಿಯಂತಿದ್ದ ಅಂಚು ಪಟ್ಟಿಯಂತೆ ಹರಡಿಕೊಳ್ಳುವುದು. ಕೊನೆಗೆ ಮೊದಲನೆಯ ಕೋರಿನ ಕ್ರಮವಿಧಿಯನ್ನು ಅದರದೇ ಆದ ಒಂದು ಅರೆಗೆ ಸಾಗಿಸಿ ನೋಡಿ.

ಪ್ರತಿಯೊಂದು ಸ್ಥಿತಿಯಲ್ಲಿಯೂ ಒಂದು ಲಕ್ಷ ಅಂಚುಗಳ ಕಾಲವನ್ನು ಅಳೆದು ನಕ್ಷೆ ಬರೆಯಿರಿ. ನಕ್ಷೆಯ ಬಲತುದಿಯಲ್ಲಿ ಗುಂಪಿನಿಂದ ದೂರ ಒಂಟಿಯಾಗಿ ಬಿದ್ದಿರುವ ಚುಕ್ಕೆಗಳನ್ನು ಅಳತೆಯ ತಪ್ಪೆಂದು ಹೊಡೆದುಹಾಕುವ ಅಭ್ಯಾಸವನ್ನು ನಮ್ಮ ಪ್ರಯೋಗಶಾಲೆಗಳಲ್ಲಿ ನಾವೇ ಹೇಳಿಕೊಟ್ಟಿದ್ದೇವೆ. ಈ ಪ್ರಯೋಗದಲ್ಲಿ ಮಾತ್ರ ಆ ಚುಕ್ಕೆಗಳನ್ನು ಉಳಿಸಿಕೊಂಡು, ಪ್ರಯೋಗದ ಪುಸ್ತಕದಲ್ಲಿ ಸರಾಸರಿಯ ಪಕ್ಕಕ್ಕೆ ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಬರೆದಿಡತಕ್ಕದ್ದು.